ಮೂತ್ರಪಿಂಡದ ಕ್ಯಾನ್ಸರ್: ಸುಳ್ಳು ಡಂಗುರ ಸಾರುವ ಪ್ರೋಟೀನು

ಮೂತ್ರಪಿಂಡಗಳ ಕೆಲಸ ರಕ್ತವನ್ನು ಸೋಸಿ ಕಶ್ಮಲವನ್ನು ಹೊರಹಾಕುವುದು ಎಂದು ನಿಮಗೆ ಗೊತ್ತು. ಅವು ಇನ್ನೊಂದು ಕೆಲಸವನ್ನೂ ಮಾಡುತ್ತವೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಅದನ್ನು ಗುರುತಿಸಿ, ಎರಿಥ್ರೊಪೊಯಿಟಿನ್ ಎಂಬ ಹಾರ್ಮೋನನ್ನು ಸ್ರವಿಸಿ, ಕೆಂಪು ರಕ್ತಕಣಗಳನ್ನು ಹೆಚ್ಚಿಸುವಂತೆ ಮೂಳೆಯ ಮಜ್ಜೆಗೆ ಸೂಚನೆ ಕೊಡುತ್ತವೆ. ಕೊರತೆಯನ್ನು ಅರಿಯುವ ಈ ವ್ಯವಸ್ಥೆ ಕೆಟ್ಟರೆ ಕ್ಯಾನ್ಸರಿಗೆ ದಾರಿಯಾಗುತ್ತದೆ.

ದೊಡ್ಡವರಿಗೆ ಬರುವ ಮೂತ್ರಪಿಂಡದ ಕ್ಯಾನ್ಸರುಗಳಲ್ಲಿ ಹೆಚ್ಚಿನವು ‘ಕ್ಲಿಯರ್ ಸೆಲ್’ ಬಗೆಯವು. ಸೂಕ್ಷ್ಮದರ್ಶಕದಲ್ಲಿ ಇದರ ಜೀವಕೋಶಗಳು ತಿಳಿಯಾಗಿ ಕಾಣುವುದರಿಂದ ಈ ಹೆಸರು.

ಕಾವಲುಗಾರನಿಲ್ಲದ ಮನೆ

ಪ್ರತಿ ಜೀವಕೋಶದಲ್ಲೂ ವಿಎಚ್‌ಎಲ್ ಎಂಬ ಕಾವಲು ಪ್ರೋಟೀನು ಇದೆ. ಆಮ್ಲಜನಕ ಸಾಕಷ್ಟಿದ್ದಾಗ ಇದು ಎಚ್‌ಐಎಫ್ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿದು, ಅದಕ್ಕೆ ಯುಬಿಕ್ವಿಟಿನ್ ಎಂಬ ಗುರುತುಚೀಟಿ ಅಂಟಿಸುತ್ತದೆ. ಚೀಟಿ ಬಿದ್ದ ಎಚ್‌ಐಎಫ್ ನಾಶವಾಗುತ್ತದೆ. ಆಮ್ಲಜನಕ ಕಡಿಮೆಯಾದಾಗ ಮಾತ್ರ ಅದು ಉಳಿದು, ಕೋಶಕೇಂದ್ರವನ್ನು ಸೇರಿ, ಕೊರತೆ ನೀಗುವ ವಂಶವಾಹಿಗಳನ್ನು ಎಬ್ಬಿಸುತ್ತದೆ. ಈ ಏರ್ಪಾಟನ್ನು ಬಿಡಿಸಿ ತೋರಿಸಿದ ವಿಲಿಯಂ ಕೇಲಿನ್, ಪೀಟರ್ ರ್‍ಯಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆನ್ಜಾ ಅವರಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಕ್ಲಿಯರ್ ಸೆಲ್ ಕ್ಯಾನ್ಸರಿನಲ್ಲಿ ಬಹುತೇಕ, 3ನೇ ವರ್ಣತಂತುವಿನಲ್ಲಿರುವ ವಿಎಚ್‌ಎಲ್ ವಂಶವಾಹಿಯೇ ಕೆಟ್ಟಿರುತ್ತದೆ. ಕಾವಲುಗಾರನಿಲ್ಲದ ಮೇಲೆ ಎಚ್‌ಐಎಫ್, ಅದರಲ್ಲೂ ಅದರ 2-ಆಲ್ಫಾ ಎಂಬ ರೂಪ, ಶೇಖರಗೊಳ್ಳುತ್ತದೆ. ಕೆರೆ ತುಂಬಿದ್ದರೂ ಊರಿಗೆ ಬರ ಬಂದಿದೆಯೆಂದು ಡಂಗುರ ಹೊಡೆದಂತೆ! ಆಮ್ಲಜನಕ ಬೇಕಾದಷ್ಟಿದ್ದರೂ ಕೋಶ ‘ರಕ್ತ ಬೇಕು, ರಕ್ತ ಬೇಕು’ ಎಂದು ಸಾರುತ್ತಲೇ ಇರುತ್ತದೆ.

ಈ ಕೂಗು ವಿಇಜಿಎಫ್ ಎಂಬ ಪ್ರೋಟೀನಿನ ರೂಪದಲ್ಲಿ ಹೊರಬೀಳುತ್ತದೆ. ಅದು ಪಕ್ಕದ ರಕ್ತನಾಳದ ಕೋಶಗಳ ಮೇಲಿರುವ ಗ್ರಾಹಕಗಳಿಗೆ ಅಂಟಿಕೊಂಡಾಗ ಸಂಕೇತ ಒಳಗೆ ದಾಟಿ, ಹೊಸ ರಕ್ತನಾಳಗಳು ಕವಲೊಡೆಯುತ್ತವೆ. ಗಡ್ಡೆಗೆ ಆಹಾರ, ಆಮ್ಲಜನಕ ಎರಡೂ ಒದಗುತ್ತವೆ. ಜೊತೆಗೆ ಕೋಶ ವಿಭಜನೆಗೂ ಎಚ್‌ಐಎಫ್ ಉತ್ತೇಜನ ಕೊಡುತ್ತದೆ. ಆದರೆ ಈ ಒಂದೇ ಕೆಡುಕು ಸಾಲದು. ಬೇರೆ ವಂಶವಾಹಿಗಳೂ ಕೆಟ್ಟಾಗ ಕ್ಯಾನ್ಸರ್ ಬಲಿಯುತ್ತದೆ.

ಇದು ವಂಶದಿಂದ ಬರುವುದೇ?

ಹೆಚ್ಚಿನವರಲ್ಲಿ ಅಲ್ಲ. ಈ ಕೆಡುಕು ಹುಟ್ಟಿದ ಮೇಲೆ ಮೂತ್ರಪಿಂಡದ ಕೋಶದಲ್ಲೇ ಆದದ್ದು. ವಾನ್ ಹಿಪೆಲ್-ಲಿಂಡೌ ಎಂಬ ಅಪರೂಪದ ಕಾಯಿಲೆಯ ಕುಟುಂಬಗಳಲ್ಲಿ ಮಾತ್ರ ಕೆಟ್ಟ ವಿಎಚ್‌ಎಲ್ ಹುಟ್ಟಿನಿಂದಲೇ ಬರುತ್ತದೆ. ಅಂಥವರಿಗೆ ಚಿಕ್ಕ ವಯಸ್ಸಿನಿಂದಲೇ ನಿಯಮಿತ ತಪಾಸಣೆ ಬೇಕು.

ಚಿಕಿತ್ಸೆ ಏನು?

ಗಡ್ಡೆ ಮೂತ್ರಪಿಂಡದೊಳಗೇ ಇದ್ದಾಗ ಶಸ್ತ್ರಚಿಕಿತ್ಸೆಯೇ ಮುಖ್ಯ. ಚಿಕ್ಕದಾಗಿದ್ದರೆ ಆ ಭಾಗವನ್ನಷ್ಟೇ ತೆಗೆದು ಉಳಿದ ಮೂತ್ರಪಿಂಡವನ್ನು ಕಾಪಾಡಬಹುದು. ಹರಡಿದಾಗ ಸಾಮಾನ್ಯ ಕೀಮೋಥೆರಪಿ ಇಲ್ಲಿ ಅಷ್ಟಾಗಿ ನಾಟುವುದಿಲ್ಲ. ವಿಇಜಿಎಫ್ ಗ್ರಾಹಕದ ಸಂಕೇತವನ್ನು ತಡೆಯುವ ಸೊರಾಫೆನಿಬ್ 2005ರಲ್ಲಿ, ಸುನಿಟಿನಿಬ್ 2006ರಲ್ಲಿ ಅಮೆರಿಕದಲ್ಲಿ ಮಂಜೂರಾದವು. ದೇಹದ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಔಷಧಿಗಳೂ ಇವೆ. ಎಚ್‌ಐಎಫ್-2 ಆಲ್ಫಾವನ್ನೇ ನೇರವಾಗಿ ತಡೆಯುವ ಬೆಲ್ಜುಟಿಫಾನ್, 2021ರಲ್ಲಿ ವಾನ್ ಹಿಪೆಲ್-ಲಿಂಡೌ ರೋಗಿಗಳಿಗೂ, 2023ರಲ್ಲಿ ಬೇರೆ ಚಿಕಿತ್ಸೆಗಳ ನಂತರವೂ ಮುಂದುವರಿದ ಕ್ಯಾನ್ಸರಿಗೂ ಅಲ್ಲಿ ಮಂಜೂರಾಯಿತು. ಎರಿಥ್ರೊಪೊಯಿಟಿನ್ ತಯಾರಾಗುವುದೂ ಇದೇ ಪ್ರೋಟೀನಿನ ಆಣತಿಯಿಂದ. ಆದ್ದರಿಂದ ಈ ಔಷಧಿಯಿಂದ ರಕ್ತಹೀನತೆ ಬರಬಹುದು. ವೈದ್ಯರ ನಿಗಾ ಅಗತ್ಯ.

ನೀವು ಗಮನಿಸಬೇಕಾದ್ದು

ಆರಂಭದಲ್ಲಿ ಈ ರೋಗಕ್ಕೆ ಲಕ್ಷಣಗಳೇ ಇರುವುದಿಲ್ಲ. ಬೇರೆ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಎಷ್ಟೋ ಬಾರಿ ಅಕಸ್ಮಾತ್ತಾಗಿ ಪತ್ತೆಯಾಗುತ್ತದೆ. ಮೂತ್ರದಲ್ಲಿ ರಕ್ತ, ಪಕ್ಕೆಯಲ್ಲಿ ನೋವು ಅಥವಾ ಗಂಟು, ಕಾರಣವಿಲ್ಲದೆ ತೂಕ ಇಳಿಯುವುದು, ಬಿಟ್ಟೂ ಬಿಡದ ಜ್ವರ ಇವು ಎಚ್ಚರಿಕೆಯ ಚಿಹ್ನೆಗಳು.

ಮೂತ್ರ ಒಮ್ಮೆ ಕೆಂಪಾಗಿ ಹೋಗಿ, ನೋವಿಲ್ಲದೆ ಮರುದಿನ ಸರಿಹೋದರೂ, ‘ಮೈ ಉಷ್ಣವಾಗಿದೆ’ ಎಂದು ಎಳನೀರು, ಬಾರ್ಲಿ ನೀರು ಕುಡಿದು ಸುಮ್ಮನಾಗಬೇಡಿ. ಕಲ್ಲು, ಸೋಂಕು ಕಾರಣವಿರಬಹುದು, ಗಡ್ಡೆಯೂ ಇರಬಹುದು. ಮೂತ್ರ ಪರೀಕ್ಷೆ ಮತ್ತು ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಿ. ಬೀಡಿ, ಸಿಗರೇಟು ಬಿಡಿ. ತೂಕ ಮತ್ತು ರಕ್ತದೊತ್ತಡ ಹತೋಟಿಯಲ್ಲಿರಲಿ. ಈ ಮೂರೂ ಮೂತ್ರಪಿಂಡದ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತವೆ. ಅವುಗಳನ್ನು ತಗ್ಗಿಸುವುದು ನಿಮ್ಮ ಕೈಯಲ್ಲೇ ಇದೆ.