ದೂರು ಕೊಟ್ಟಿದ್ದಕ್ಕೇ ಮಾನನಷ್ಟದ ನೋಟಿಸ್

ಪ್ರಶ್ನೆ: ನಾನು ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ನನಗೂ ಹಮಾಲರಿಗೂ ತಿಂಗಳು ತಿಂಗಳೂ ಸಂಬಳದಲ್ಲಿ ಪಿಎಫ್ ಹಿಡಿಯುತ್ತಿದ್ದರು. ಪಾಸ್‌ಬುಕ್ ತೆಗೆಸಿ ನೋಡಿದರೆ ವರ್ಷದಿಂದ ಒಂದು ಪೈಸೆಯೂ ಜಮಾ ಆಗಿಲ್ಲ. ಪಿಎಫ್ ಕಚೇರಿಗೆ ದೂರು ಬರೆದೆ. ಸಿಟ್ಟಿನಲ್ಲಿ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲೂ ‘ಸಾಹುಕಾರ ಹಮಾಲರ ದುಡ್ಡು ನುಂಗಿದ, ಕಳ್ಳ’ ಎಂದು ಹಾಕಿಬಿಟ್ಟೆ. ಕೆಲಸ ಹೋಯಿತು. ಈಗ ಕ್ಷಮೆ ಕೇಳಿ ದೂರು ವಾಪಸ್ ಪಡೆಯದಿದ್ದರೆ 10 ಲಕ್ಷಕ್ಕೆ ಮಾನನಷ್ಟ ದಾವೆ ಎಂದು ವಕೀಲರ ನೋಟಿಸ್ ಬಂದಿದೆ. ಮನೆಯವರು ‘ದೊಡ್ಡವರ ಸಹವಾಸ ಬೇಡ, ಸಹಿ ಹಾಕಿ ಬಾ’ ಅನ್ನುತ್ತಾರೆ. ಅಮೆರಿಕದಲ್ಲಿ ಇಂಥ ಕೇಸನ್ನು ಶುರುವಿನಲ್ಲೇ ವಜಾ ಮಾಡಿಸಬಹುದಂತೆ. ನಮ್ಮಲ್ಲಿ ಆಗದೇ?
– ಹೆಸರು ಬೇಡ, ತ್ಯಾವಣಿಗೆ

ಉತ್ತರ: ಸದ್ಯಕ್ಕೆ ಯಾವುದಕ್ಕೂ ಸಹಿ ಹಾಕಬೇಡಿ. ನೋಟಿಸ್ ಇನ್ನೂ ಕೇಸಲ್ಲ. 10 ಲಕ್ಷ ಕೇಳಿ ದಾವೆ ಹೂಡಬೇಕಾದರೆ ಆ ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕವನ್ನು ಅವರೇ ಮೊದಲು ಕಟ್ಟಬೇಕು.

ನೀವು ಕೇಳಿದ್ದು ನಿಜ. ಕ್ಯಾಲಿಫೋರ್ನಿಯಾದಲ್ಲಿ 1992ರಿಂದ ಅಂಥ ಕಾನೂನಿದೆ. ಬಾಯಿ ಮುಚ್ಚಿಸಲು ಹಾಕಿದ ದಾವೆ ಆರಂಭದಲ್ಲೇ ಬಿದ್ದುಹೋದರೆ ಎದುರಾಳಿಯ ವಕೀಲರ ಖರ್ಚನ್ನೂ ಹೂಡಿದವರೇ ತೆರಬೇಕು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ. ಇಂಥ ದಾವೆಗಳ ಬಗ್ಗೆ ಎಚ್ಚರ ಬೇಕೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಆದರೆ ಸುಳ್ಳು ದಾವೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಂ ಕೊಡಿಸುವ ಪರಿಹಾರದ ಮಿತಿ ಸಾಮಾನ್ಯವಾಗಿ 3,000 ರೂಪಾಯಿ!

ನಮ್ಮಲ್ಲಿರುವ ದಾರಿ ಅದೇ ಸಂಹಿತೆಯ 7ನೇ ಆದೇಶದ 11ನೇ ನಿಯಮ. ದಾವೆಗೆ ಕಾರಣವೇ ಕಾಣದಿದ್ದರೆ, ಅವಧಿ ಮೀರಿದ್ದರೆ (ಮಾನನಷ್ಟಕ್ಕೆ ಒಂದು ವರ್ಷ) ವಾದಪತ್ರವನ್ನೇ ತಿರಸ್ಕರಿಸಿ ಎಂದು ಅರ್ಜಿ ಹಾಕಬಹುದು. ಆದರೆ ಆ ಹಂತದಲ್ಲಿ ನ್ಯಾಯಾಧೀಶರು ನೋಡುವುದು ಅವರ ವಾದಪತ್ರವನ್ನು ಮಾತ್ರ, ನಿಮ್ಮ ಪಾಸ್‌ಬುಕ್ಕನ್ನಲ್ಲ. ಹಾಗಾಗಿ ಇದೊಂದನ್ನೇ ನಂಬಿ ಕೂರಬೇಡಿ. ಬಹಿರಂಗವಾಗಿ ಆರೋಪ ಮಾಡಿದವರ ಮೇಲೆ ಇಂಥ ಕೇಸು ಬೀಳುವುದು ಹೊಸದಲ್ಲ, ಮುಗಿಯಲು ವರ್ಷಗಳೂ ಹಿಡಿಯಬಹುದು. 2018ರಲ್ಲಿ ನಟಿ ಶ್ರುತಿ ಹರಿಹರನ್ ಲೈಂಗಿಕ ಕಿರುಕುಳದ ಆರೋಪವನ್ನು ಬಹಿರಂಗವಾಗಿ ಹೇಳಿದಾಗ ಅವರ ಮೇಲೂ ಬೆಂಗಳೂರಿನಲ್ಲಿ 5 ಕೋಟಿಯ ದಾವೆ ಬಿತ್ತು. ಅದೇ ವರ್ಷ ಕ್ರಿಮಿನಲ್ ಮಾನನಷ್ಟ ಎದುರಿಸಿದ ಪತ್ರಕರ್ತೆ ಪ್ರಿಯಾ ರಮಣಿ ಅವರನ್ನು ದೆಹಲಿ ನ್ಯಾಯಾಲಯ ಖುಲಾಸೆ ಮಾಡಿದ್ದು 2021ರ ಫೆಬ್ರುವರಿಯಲ್ಲಿ.

ಈಗ ನಿಮ್ಮ ಎರಡು ಮಾತುಗಳನ್ನು ಬೇರೆ ಬೇರೆ ಮಾಡಿ ನೋಡೋಣ. ಪಿಎಫ್ ಕಚೇರಿಗೆ ಬರೆದ ದೂರು ಗಟ್ಟಿಯಾಗಿದೆ. ಅಧಿಕಾರ ಇರುವವರಿಗೆ ಸದ್ಭಾವನೆಯಿಂದ ಕೊಟ್ಟ ದೂರು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ವಿನಾಯಿತಿಗಳಲ್ಲೇ ಇದೆ. ಸಂಬಳದಲ್ಲಿ ಹಿಡಿದ ಪಾಲನ್ನು ಕಟ್ಟದೆ ಉಳಿಸಿಕೊಳ್ಳುವುದು ಅದೇ ಸಂಹಿತೆಯ 316ನೇ ಕಲಮಿನಡಿ ನಂಬಿಕೆ ದ್ರೋಹ. ವಾಟ್ಸ್‌ಆ್ಯಪ್ ಮಾತಿಗೆ ಅಷ್ಟು ಬಲವಿಲ್ಲ. ‘ಪಿಎಫ್ ಕಟ್ಟಿಲ್ಲ’ ಎಂಬುದನ್ನು ಪಾಸ್‌ಬುಕ್ ತೋರಿಸಿ ಸಾಬೀತು ಮಾಡಬಹುದು, ಸಿವಿಲ್ ದಾವೆಯಲ್ಲಿ ಸತ್ಯವೇ ರಕ್ಷಣೆ. ‘ಕಳ್ಳ’ ಎಂಬ ಬೈಗುಳವನ್ನು ಹಾಗೆ ಸಮರ್ಥಿಸುವುದು ಕಷ್ಟ. ಗುಂಪಿನಲ್ಲಿ ಇನ್ನು ಒಂದಕ್ಷರವೂ ಹಾಕಬೇಡಿ. ಹಾಕಿದ್ದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅಳಿಸಬೇಕೋ ಬೇಡವೋ ಎಂದು ವಕೀಲರನ್ನು ಕೇಳಿ.

ಸಂಬಳದ ಚೀಟಿ, ಪಾಸ್‌ಬುಕ್, ದೂರಿನ ಪ್ರತಿ, ನೋಟಿಸ್ ಬಂದ ಲಕೋಟೆ ಎಲ್ಲವನ್ನೂ ಹಿಡಿದು ಚನ್ನಗಿರಿಯ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ನೀವು ಮಹಿಳೆಯಾಗಿದ್ದರೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆ ಹೇಳುತ್ತದೆ. 15100ಕ್ಕೆ ಫೋನ್ ಕೂಡ ಮಾಡಬಹುದು. ನೋಟಿಸಿಗೆ ಉತ್ತರ ವಕೀಲರ ಕೈಯಲ್ಲೇ ಹೋಗಲಿ. ನಿಮ್ಮ ಮಾತು ಕೇಳದೆ ತಡೆಯಾಜ್ಞೆ ತರಬಾರದೆಂದರೆ ಕೇವಿಯಟ್ ಹಾಕಿಸಿ, ಅದು 90 ದಿನ ಊರ್ಜಿತ. ಸಮನ್ಸ್ ಬಂದರೆ 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಸುಮ್ಮನಿದ್ದರೆ ತೀರ್ಪು ಅವರ ಕಡೆಗೇ ಹೋಗಬಹುದು.

ಮನೆಯವರಿಗೂ ಒಂದು ಮಾತು. ಸಾಹುಕಾರರು ರಾಜಿಗೆ ಕರೆದರೆ, ವಕೀಲರನ್ನು ಕೇಳಿಕೊಂಡು, ‘ಕಳ್ಳ’ ಎಂದದ್ದಕ್ಕೆ ವಿಷಾದ ಹೇಳಲಿ, ಅದರಿಂದ ಯಾರೂ ಸಣ್ಣವರಾಗುವುದಿಲ್ಲ. ಆದರೆ ಆ ವಿಷಾದದ ಜತೆಗೆ ದೂರನ್ನೂ ವಾಪಸ್ ಕೊಟ್ಟರೆ ಹಮಾಲರ ದುಡ್ಡನ್ನು ಕೇಳುವವರೇ ಇರುವುದಿಲ್ಲ.