ಮನೆಯ ಜೊತೆ ಬರುವುದು, ಬಾರದೇ ಇರುವುದು

ಶಿರಸಿಯ ಯಾವ ಹೋಟೆಲಿನಲ್ಲಿ ಚಹಾಕ್ಕೆ ಕುಳಿತರೂ ಈಗ ಎರಡು ಮಾತು ಕಿವಿಗೆ ಬೀಳುತ್ತವೆ. ಇವತ್ತು ರಾಶಿ ಅಡಿಕೆ ಎಷ್ಟಕ್ಕೆ ಹೋಯಿತು ಎನ್ನುವುದೊಂದು, ಯಾರ ಮನೆ ಮಾರಾಟಕ್ಕಿದೆ ಎನ್ನುವುದು ಇನ್ನೊಂದು. ಮೊದಲನೆಯದು ಅಜ್ಜಂದಿರ ಕಾಲದಿಂದ ಇರುವ ಮಾತು. ಎರಡನೆಯದು ಇಷ್ಟು ಜೋರಾದದ್ದು 2020ರ ಈಚೆಗೆ. ಅಲ್ಲಿಯವರೆಗೆ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಕೃಷಿಕರಲ್ಲದವರಿಗೆ ಕೃಷಿಭೂಮಿ ಕೊಳ್ಳಲು ಬಿಡುತ್ತಿರಲಿಲ್ಲ. ತೋಟದ ಮನೆ ಮಾರುವುದಿದ್ದರೆ ಪಕ್ಕದ ಊರಿನವರೋ ನೆಂಟರೋ ಕೊಳ್ಳುತ್ತಿದ್ದರು. ಅವರಿಗೆ ಜಾಗದ ಒಳಹೊರಗೆಲ್ಲ ಗೊತ್ತಿರುತ್ತಿತ್ತು. ಆ ಕಲಮುಗಳು ಹೋದ ಮೇಲೆ ಬೆಂಗಳೂರಿನ ಕಾರುಗಳು ನಮ್ಮ ಮಣ್ಣುರಸ್ತೆಗೆ ಇಳಿದವು. ಗೋಕರ್ಣ, ಕುಮಟಾದ ಕಡಲಂಚಿನಲ್ಲಿ ಜಾಗ ಹುಡುಕಿ, ಅಲ್ಲಿನ ದರಕ್ಕೂ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಿರ್ಬಂಧಕ್ಕೂ ಸೋತವರು ದೇವಿಮನೆ ಘಟ್ಟ ಹತ್ತಿ ಮೇಲೆ ಬರುತ್ತಾರೆ. ಕೆಳಗೆ ಒಂದು ಸೈಟಿಗೆ ಕೇಳಿದ ದುಡ್ಡಿಗೆ ಇಲ್ಲಿ ಮನೆ, ಕೊಟ್ಟಿಗೆ, ಬಾವಿ, ಅಡಿಕೆ ಮರ ಎಲ್ಲವೂ ಸಿಗುತ್ತದೆಂದು ಅವರಿಗೆ ಯಾರೋ ಹೇಳಿರುತ್ತಾರೆ.

ನನ್ನ ತವರು ಸಿದ್ದಾಪುರ ತಾಲ್ಲೂಕು. ಕೊಟ್ಟ ಮನೆ ಯಲ್ಲಾಪುರದ ಕಡೆ. ಸಂಸಾರ ಬಹಳ ವರ್ಷದಿಂದ ಶಿರಸಿ ಪೇಟೆಯಲ್ಲಿ. ತವರಿನ ಮನೆ ಮಾರುವಾಗ ಸಹಿ ಹಾಕಿದ್ದೇನೆ, ಶಿರಸಿಯಲ್ಲಿ ಮನೆ ಕೊಂಡಿದ್ದೇನೆ, ಯಲ್ಲಾಪುರದ ಮನೆ-ತೋಟವನ್ನು ಗಂಡನ ಜೊತೆ ನಿಂತು ಮಾರಿದ್ದೇನೆ. ಮೂರೂ ಕಡೆ ನನಗೆ ಮನದಟ್ಟಾದದ್ದು ಒಂದೇ: ನಮ್ಮ ಸೀಮೆಯಲ್ಲಿ ಮನೆಯೆನ್ನುವುದು ವ್ಯವಹಾರದ ಅತಿ ಸಣ್ಣ ಭಾಗ. ಬಾಳುವುದಕ್ಕೆ ಬೇಕಾದ ನೀರು, ದಾರಿ, ಬೆಟ್ಟ, ನೆರೆಹೊರೆ ಇವೆಲ್ಲ ಮನೆಯ ಸುತ್ತ ಇರುತ್ತವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಮಾರುವವರ ಸೊತ್ತೇ ಅಲ್ಲ.

ಯಲ್ಲಾಪುರದ ಮನೆಯನ್ನು ನೋಡಲು ಬಂದವರೆಲ್ಲ ಮೊದಲು ಜಗಲಿಯ ಕಂಬಗಳನ್ನು ತಟ್ಟಿ ನೋಡುತ್ತಿದ್ದರು. ಹೊನ್ನೆ ಮರದ ಕಂಬ, ಮಣ್ಣಿನ ದಪ್ಪ ಗೋಡೆ, ಮಂಗಳೂರು ಹೆಂಚು, ಅಡಿಕೆ ಚೀಲ ಇಡುತ್ತಿದ್ದ ಮೆತ್ತು. ಫೋಟೋ ತೆಗೆದುಕೊಳ್ಳುತ್ತಿದ್ದರು. ಹೋಂಸ್ಟೇ ಮಾಡಿದರೆ ಎಷ್ಟು ಕೋಣೆ ಆದೀತು ಎಂದು ಲೆಕ್ಕ ಹಾಕುತ್ತಿದ್ದರು. ಪಕಾಸಿಗೆ ಒರಲೆ ಹಿಡಿದದ್ದನ್ನು ನಾನೇ ತೋರಿಸುತ್ತಿದ್ದೆ. ಅದು ರಿಪೇರಿಯ ಮಾತು, ದುಡ್ಡಿದ್ದರೆ ಆಗುತ್ತದೆ. ದುಡ್ಡಿಗೆ ಆಗದ ಸಂಗತಿಗಳನ್ನು ಕೇಳುವವರು ಬಹಳ ಕಡಿಮೆ.

ಬೆಟ್ಟದ ವಿಷಯವನ್ನೇ ತೆಗೆದುಕೊಳ್ಳಿ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ), ಒಲೆಗೆ ಕಟ್ಟಿಗೆ ತಂದುಕೊಳ್ಳಲೆಂದು ಬಿಟ್ಟ ಕಾಡು ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಿಂದ ಬಂದ ಈ ಸೌಲಭ್ಯ ಘಟ್ಟದ ಮೇಲಿನ ನಮ್ಮ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಇದೆ. ತೋಟ ಯಾರಿಗೆ ಹೋಗುತ್ತದೋ ಸೌಲಭ್ಯ ಅವರ ಹಿಂದೆ ಹೋಗುತ್ತದೆ. ಆದರೆ ಭೂಮಿ ಸರ್ಕಾರದ್ದು. ಅಲ್ಲಿ ಮನೆ ಕಟ್ಟುವಂತಿಲ್ಲ, ಹೊಸ ತೋಟ ಎಬ್ಬಿಸುವಂತಿಲ್ಲ, ಮನಸ್ಸಿಗೆ ಬಂದಂತೆ ಮರ ಕಡಿಯುವಂತಿಲ್ಲ. ಪಹಣಿಯಲ್ಲಿ ಮನೆತನದ ಹೆಸರು ಇರುವುದನ್ನು ತೋರಿಸಿ, ತೋಟವನ್ನೂ ಬೆಟ್ಟವನ್ನೂ ಕೂಡಿಸಿ ‘ಒಟ್ಟು ಹತ್ತೆಕರೆ’ ಎಂದು ಹೇಳುವ ದಲಾಲಿಗಳಿದ್ದಾರೆ. ನಮ್ಮಲ್ಲಿಗೆ ಬಂದ ಒಬ್ಬರು ಬೆಟ್ಟದ ನೆತ್ತಿಯಲ್ಲಿ ಕಾಟೇಜು ಕಟ್ಟುವ ನಕ್ಷೆಯನ್ನೇ ಹಿಡಿದು ಬಂದಿದ್ದರು. ಅದು ಆಗುವ ಕೆಲಸವಲ್ಲ ಎಂದು ನಾನು ಅಂಗಳದಲ್ಲೇ ಹೇಳಿದೆ. ಅವರು ಹೋದ ಮೇಲೆ ದಲಾಲಿ, “ಅತ್ತಿಗೆ, ಅವರು ಕೇಳಲಿಲ್ಲವಲ್ಲ, ನೀವ್ಯಾಕೆ ಹೇಳಲಿಕ್ಕೆ ಹೋದಿರಿ?” ಎಂದ. ಆ ಗಿರಾಕಿ ತಪ್ಪಿಹೋದರು, ಅವರು ಹೇಳಿದಷ್ಟು ದರ ಮತ್ತೆ ಯಾರೂ ಹೇಳಲಿಲ್ಲ. ಆದರೂ ಹೇಳಿದ್ದು ಸರಿ. ನಾವು ದುಡ್ಡು ಎಣಿಸಿಕೊಂಡು ಪೇಟೆಗೆ ಬಂದುಬಿಡುತ್ತೇವೆ. ಬೆಟ್ಟಕ್ಕೆ ಜೆಸಿಬಿ ಹತ್ತಿದ ದಿನ ಕೆಳಗಿನ ತೋಟಕ್ಕೆ ಮಣ್ಣು ಇಳಿಯುವುದು ನೆರೆಮನೆಯವರಿಗೆ.

ಮಣ್ಣು ಇಳಿಯುವುದೆಂದರೆ ಏನೆಂದು ಯಲ್ಲಾಪುರದವರಿಗೆ ಹೇಳಿಕೊಡಬೇಕಾಗಿಲ್ಲ. 2021ರ ಜುಲೈ ಮಳೆಗೆ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟ, ರಸ್ತೆ ಹೋದದ್ದನ್ನು ನೋಡಿದ್ದೇವೆ. ಅಲ್ಲಿಂದೀಚೆಗೆ ಯಾರು ಮನೆ ನೋಡಲು ಹೊರಟರೂ ನಾನು ಹೇಳುವುದು ಇಷ್ಟು: ಚಳಿಗಾಲದಲ್ಲಿ ನೋಡಿ ಒಪ್ಪಬೇಡಿ, ಆಷಾಢದಲ್ಲಿ ಇನ್ನೊಮ್ಮೆ ಬನ್ನಿ. ಮನೆಯ ಹಿಂದಿನ ಧರೆಯಿಂದ ನೀರು ಎಲ್ಲಿ ಒಸರುತ್ತದೆ, ಹಿತ್ತಿಲಿನ ಮರಗಳು ಯಾವ ಕಡೆ ವಾಲಿವೆ, ಕಾಲುಸಂಕ ಮುಳುಗಿದರೆ ಪೇಟೆಗೆ ಬೇರೆ ದಾರಿ ಇದೆಯೋ ಇಲ್ಲವೋ, ಇವನ್ನೆಲ್ಲ ಮಳೆಯೇ ತೋರಿಸಬೇಕು.

ಇನ್ನು ಅತಿಕ್ರಮಣ. ನಮ್ಮ ಜಿಲ್ಲೆಯ ಬಹುಪಾಲು ನೆಲ ಅರಣ್ಯ. ಮಾಲ್ಕಿ ಜಾಗದ ಅಂಚಿಗೆ ಕೊಟ್ಟಿಗೆಯೋ ಅಡಿಕೆ ಸಸಿಯೋ ಕೆಲವು ಗುಂಟೆ ಮುಂದೆ ಸರಿದಿರುವುದು ಮನೆಮನೆಯ ಕಥೆ. ಅದರಾಚೆ, ತಲೆಮಾರುಗಳಿಂದ ಅರಣ್ಯ ಜಾಗದಲ್ಲೇ ಮನೆ ಕಟ್ಟಿಕೊಂಡು ಬದುಕಿದ ಸಾವಿರಾರು ಕುಟುಂಬಗಳಿವೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅವರು ಅರ್ಜಿ ಹಾಕಿ ಕಾಯುತ್ತಿದ್ದಾರೆ. ಪರಿಶಿಷ್ಟ ಪಂಗಡದವರಲ್ಲದಿದ್ದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದದ್ದಕ್ಕೆ ಪುರಾವೆ ಕೊಡಬೇಕು. ಆ ಪುರಾವೆಯನ್ನು ಬಡವರು ಎಲ್ಲಿಂದ ತರಬೇಕು? ಅವರ ಬಗ್ಗೆ ನನಗೆ ಸಂಕಟವಿದೆ. ಆದರೆ ಕೊಳ್ಳುವವರು ತಿಳಿದಿರಬೇಕಾದದ್ದು ಬೇರೆ: ಆ ಕಾಯ್ದೆಯಡಿ ಹಕ್ಕು ಸಿಕ್ಕರೂ ಅದು ಮಕ್ಕಳಿಗೆ ದಾಟುತ್ತದೆಯೇ ಹೊರತು ಮಾರಾಟಕ್ಕೆ ಬರುವುದಿಲ್ಲ. ಅಂಥ ಮನೆಗಳನ್ನು ಬಾಂಡ್ ಪೇಪರಿನ ಮೇಲೆ ಬರೆದು, ನೋಟರಿ ಮಾಡಿಸಿ ‘ಕಬ್ಜಾ’ ಕೊಡುವುದು ಅಲ್ಲಲ್ಲಿ ನಡೆಯುತ್ತದೆ. ಆ ಕಾಗದ ಮಾಲಕತ್ವ ಕೊಡುವುದಿಲ್ಲ. ಕೊಟ್ಟವರಿಗೂ ಹಕ್ಕು ಉಳಿಯುವುದಿಲ್ಲ, ಕೊಂಡವರಿಗೂ ಸಿಗುವುದಿಲ್ಲ. ನಾವು ಮಾರುವ ಮೊದಲು ಸರ್ವೆಯವರನ್ನು ಕರೆಸಿ ಹದ್ದುಬಸ್ತು ಅಳತೆ ಮಾಡಿಸಿದೆವು. ಕೊಟ್ಟಿಗೆಯ ಗೊಬ್ಬರಗುಂಡಿ ಅರಣ್ಯದ ಗಡಿಯಾಚೆ ಇತ್ತು. ಕಲ್ಲು ನೆಟ್ಟ ಜಾಗದವರೆಗೆ ಮಾತ್ರ ಮಾರಾಟ ಎಂದು ಬರೆದೆವು.

ನೀರಿನ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಮ್ಮ ಮನೆಗೆ ಬೋರ್‌ವೆಲ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬೆಟ್ಟದ ಸಂದಿಯ ಅಬ್ಬಿಯಿಂದ ನೀರು ತಾನಾಗಿ ಇಳಿದು ಬರುತ್ತಿತ್ತು. ಮೊದಲು ಅಡಿಕೆ ದಬ್ಬೆಯಲ್ಲಿ, ನಂತರ ಕರೀ ಪೈಪಿನಲ್ಲಿ. ಕೆಳಗೆ ಒಂದು ಕಲ್ಲಿನ ತೊಟ್ಟಿ, ಅದಕ್ಕೆ ನಾಲ್ಕು ತೂತು, ನಾಲ್ಕು ಮನೆ. ಶಿವರಾತ್ರಿ ಕಳೆದು ನೀರು ಸಣ್ಣದಾಗುತ್ತಿದ್ದಂತೆ ಪಾಳಿ ಶುರು. ಯಾರ ಪಾಳಿಯೋ ಅವರ ತೂತು ಬಿಟ್ಟು ಉಳಿದವಕ್ಕೆಲ್ಲ ತೆಂಗಿನ ನಾರು ಸುತ್ತಿದ ಬೆಣೆ. ಈ ವ್ಯವಸ್ಥೆ ಯಾವ ಕಾಗದದಲ್ಲೂ ಇರಲಿಲ್ಲ. ನಮ್ಮ ಅತ್ತೆಯವರಿಗೆ ಅವರ ಅತ್ತೆ ಹೇಳಿದ್ದು, ಅತ್ತೆ ನನಗೆ ಹೇಳಿದ್ದು. ಮನೆ ಮಾರುತ್ತೇವೆಂದು ಗೊತ್ತಾದ ದಿನ ಕೆಳಮನೆಯ ಅಜ್ಜಿ ಬಂದು ಜಗಲಿಯಲ್ಲಿ ಕುಳಿತು, “ಮನೆ ಮಾರಲಕ್ಕು ತಂಗಿ, ಅಬ್ಬಿ ಮಾರಲೆ ಬತ್ತಿಲ್ಲೆ” ಎಂದರು. ಜಗಳಕ್ಕೆ ಬಂದವರಲ್ಲ ಅವರು, ಭಯದಿಂದ ಬಂದವರು. ಹೊಸಬರು ತೊಟ್ಟಿಯ ಮೇಲೆಯೇ ದೊಡ್ಡ ಪೈಪು ಹಾಕಿ ಈಜುಕೊಳ ತುಂಬಿಸಿಕೊಂಡರೆ ಬೇಸಿಗೆಯಲ್ಲಿ ಅವರ ತೋಟ ಒಣಗುತ್ತದೆ. ಹೊಸಬರ ಕಡೆಯಿಂದಲೂ ಅದೇ ಭಯ ಇರಬೇಕು: ಊರವರು ಮುನಿದು ಒಂದು ಬೆಣೆ ಹೊಡೆದರೆ ಕೋಟಿ ಕೊಟ್ಟ ಮನೆಗೆ ಕುಡಿಯುವ ನೀರಿಲ್ಲ. ಬಹುಕಾಲ ತಡೆಯಿಲ್ಲದೆ ಬಳಸಿದ ನೀರಿಗೆ, ದಾರಿಗೆ ಕಾನೂನಿನಲ್ಲಿ ರಕ್ಷಣೆ ಇದೆ. 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಖಾಸಗಿ ಜಾಗಕ್ಕೆ 20 ವರ್ಷ, ಸರ್ಕಾರಿ ಜಾಗಕ್ಕೆ 30 ವರ್ಷ ಎಂದಿದೆ. ಆದರೆ ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡುವಷ್ಟರಲ್ಲಿ ತೋಟ ಉಳಿದಿರುತ್ತದೆಯೇ? ಮಾರುವಾಗಲೇ ನಾಲ್ಕು ಮನೆಯವರನ್ನು ಕೂರಿಸಿ ಬರೆದಿಡುವುದೇ ದಾರಿ.

ಸಿದ್ದಾಪುರದ ತವರಿನ ಕಥೆಯಲ್ಲಿ ತೊಡಕಾದದ್ದು ಜಾಗವಲ್ಲ, ಸಹಿ. ಅಪ್ಪ ಹೋದ ಮೇಲೆ ಪಹಣಿಯ ಒಂಬತ್ತನೇ ಕಾಲಮ್ಮಿಗೆ ಅಣ್ಣಂದಿರ ಹೆಸರು ಮಾತ್ರ ಬಂದಿತ್ತು. ಅಕ್ಕ, ನಾನು ಅದನ್ನು ಯೋಚಿಸಿಯೂ ಇರಲಿಲ್ಲ. ಕೊಳ್ಳುವವರ ವಕೀಲರು ಕಾಗದ ನೋಡಿ, ಹೆಣ್ಣುಮಕ್ಕಳ ಸಹಿ ಇಲ್ಲದೆ ಮುಟ್ಟುವುದಿಲ್ಲ ಎಂದರು. ಅವರು ಹೇಳಿದ್ದು ಸರಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ 1994ರ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟರೂ ಅದಕ್ಕೆ ಮೊದಲು ಮದುವೆಯಾದವರನ್ನು ಬಿಟ್ಟಿದ್ದರು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದ ಹೋಯಿತು. ಆ ತಿದ್ದುಪಡಿ ಜಾರಿಗೆ ಬಂದ ದಿನಕ್ಕೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾರಾಟದ ಮಾತು ಮುಗಿದ ಮೇಲೆ, ನೋಂದಣಿಗೆ ದಿನ ಗೊತ್ತು ಮಾಡಿ, ತಂಗಿಗೆ ಫೋನು ಮಾಡುತ್ತಾರೆ. “ಬಂದು ಒಂದು ಸಹಿ ಹಾಕಿ ಹೋಗು” ಎನ್ನುತ್ತಾರೆ. ಆಗ ಅವಳ ಮನಸ್ಸು ಮುರಿಯುವುದು ಪಾಲಿಗಾಗಿ ಅಲ್ಲ, ಕೊನೆಗೆ ತಿಳಿಸಿದ್ದಕ್ಕಾಗಿ. ನಮ್ಮ ಅಣ್ಣ ದೊಡ್ಡ ಮನಸ್ಸಿನವನು. ದರ ಮಾತಾಡುವ ಮೊದಲೇ ನಮ್ಮಿಬ್ಬರನ್ನೂ ಕರೆದು, ಲೆಕ್ಕ ಮುಂದಿಟ್ಟ. ಪಾಲಿನ ಬಗ್ಗೆ ನಾವು ಏನು ತೀರ್ಮಾನಿಸಿದೆವು ಎನ್ನುವುದು ನಮ್ಮ ನಡುವಿನ ಮಾತು. ಆದರೆ ಎಲ್ಲರೂ ಮಾರುವವರಾಗಿಯೇ ಪತ್ರಕ್ಕೆ ಸಹಿ ಹಾಕಿದೆವು.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ ತೆಗೆದು ಹೆಬ್ಬೆಟ್ಟಿನ ಗುರುತು ಪಡೆಯುತ್ತಾರೆ. ಅಕ್ಕನ ಹೆಬ್ಬೆಟ್ಟು ಯಂತ್ರಕ್ಕೆ ಹತ್ತಲಿಲ್ಲ. ನಲವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದ ಬೆರಳು, ಗೆರೆಯೇ ಉಳಿದಿರಲಿಲ್ಲ. ಒರೆಸಿ, ಒತ್ತಿ, ಮತ್ತೆ ಒರೆಸಿ, ಅಂತೂ ಎಡಗೈಯದು ಬಂತು. ಆ ಮನೆಯ ಪಹಣಿಯಲ್ಲಿ ಅವಳ ಹೆಸರು ಒಮ್ಮೆಯೂ ಇರಲಿಲ್ಲ.

ಶಿರಸಿಯ ಮನೆ ಕೊಂಡದ್ದನ್ನು ಹೆಚ್ಚು ಹೇಳುವುದಿಲ್ಲ. ಪೇಟೆಯಲ್ಲಿ ನೋಡಬೇಕಾದದ್ದು ಹೆಚ್ಚೂಕಡಿಮೆ ಎಲ್ಲ ಊರಿನಂತೆಯೇ. ಜಾಗ ಕೃಷಿಯೇತರ (ಎನ್ಎ) ಆಗಿದೆಯೇ, ಇ-ಖಾತಾ ಇದೆಯೇ, ನಗರಸಭೆಯ ಲೈಸೆನ್ಸಿನಲ್ಲಿ ಇದ್ದಷ್ಟೇ ಕಟ್ಟಿದ್ದಾರೆಯೇ ಎಂದು ನೋಡಿಕೊಂಡೆವು. ನಮ್ಮ ಕಡೆಗೇ ವಿಶೇಷವಾದದ್ದೊಂದಿದೆ. ಇಲ್ಲಿ ಎಲ್ಲರೂ ಯಾವುದಾದರೊಂದು ಸಹಕಾರಿ ಸಂಘದ ಸದಸ್ಯರು, ಎಲ್ಲರಿಗೂ ಸಾಲವಿದೆ. 1923ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಘ ಟಿಎಸ್ಎಸ್ ಹುಟ್ಟಿದ ಊರಿದು. ಸೊಸೈಟಿಯಿಲ್ಲದೆ ಅಡಿಕೆಯವರ ಬದುಕು ನಡೆದಿಲ್ಲ. ಋಣಭಾರ ಪತ್ರ ಚೊಕ್ಕಟವಾಗಿ ಕಂಡರೂ ಕೃಷಿಭೂಮಿಯಾದರೆ ಪಹಣಿಯ ಹನ್ನೊಂದನೇ ಕಾಲಮ್ಮಿನ ಸಾಲದ ಬೋಜಾ ನೋಡಬೇಕು, ಮಾರುವವರು ವ್ಯವಹರಿಸುವ ಸೊಸೈಟಿಯಿಂದ ಬೇಬಾಕಿ ಪತ್ರ ಕೇಳಬೇಕು. ತೋಟ ಕೊಳ್ಳುವವರು ‘ಎಷ್ಟು ಕ್ವಿಂಟಲ್ ಬರುತ್ತದೆ’ ಎಂದು ಬಾಯಿಮಾತಿನಲ್ಲಿ ಕೇಳುವ ಬದಲು ಹಿಂದಿನ ನಾಲ್ಕೈದು ವರ್ಷದ ಅಡಿಕೆ ಮಾರಾಟದ ಪಟ್ಟಿ ಕೇಳಿದರೆ ಒಳ್ಳೆಯದು. ಕೊಳೆರೋಗ ಬಂದ ವರ್ಷ, ಎಲೆಚುಕ್ಕೆ ರೋಗ ಬಂದ ವರ್ಷ ಅದರಲ್ಲಿ ತಾನಾಗಿ ಕಾಣುತ್ತದೆ. ಖರ್ಚಿನ ಲೆಕ್ಕವನ್ನೂ ಮೊದಲೇ ಇಟ್ಟುಕೊಳ್ಳಬೇಕು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ. 1ರಿಂದ ಶೇ. 2ಕ್ಕೆ ಏರಿದೆ. ಅದನ್ನು ಉಳಿಸಲು ಅರ್ಧ ದುಡ್ಡು ಕಾಗದದ ಹೊರಗೆ ಕೊಡಿ ಎನ್ನುವವರು ಸಿಗುತ್ತಾರೆ. ನಾವು ಕೊಳ್ಳುವಾಗಲೂ ಒಪ್ಪಲಿಲ್ಲ, ಮಾರುವಾಗಲೂ ಒಪ್ಪಲಿಲ್ಲ.

ಯಲ್ಲಾಪುರದ ಮನೆಯನ್ನು ಕೊನೆಗೆ ಕೊಂಡವರು ಹುಬ್ಬಳ್ಳಿಯ ಕಡೆಯ ದಂಪತಿ. ಸೋನೆಮಳೆಯಲ್ಲಿ ಬಂದವರು ಕಂಬ ತಟ್ಟಲಿಲ್ಲ. ಆ ತಾಯಿ ನೇರವಾಗಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, “ಅಕ್ಕಾರ, ಈ ನೀರು ಎಲ್ಲಿಂದ ಬರ್ತದ?” ಎಂದು ಕೇಳಿದರು. ಅಬ್ಬಿಯವರೆಗೂ ನಡೆಸಿಕೊಂಡು ಹೋದೆ. ಕಾಲಿಗೆ ಉಂಬಳ ಹತ್ತಿಸಿಕೊಂಡೇ ಬಂದು, ತೊಟ್ಟಿ ನೋಡಿ, ಇಳಿಯುವಾಗ ಕೆಳಮನೆಯ ಅಜ್ಜಿಯ ಹತ್ತಿರ ಕುಳಿತು ಚಹಾ ಕುಡಿದರು. ದರದಲ್ಲಿ ಸ್ವಲ್ಪ ಬಿಟ್ಟುಕೊಟ್ಟೆವು. ಬೆಟ್ಟ ಸೌಲಭ್ಯ ಮಾತ್ರ, ಮಾಲ್ಕಿಯಲ್ಲ ಎಂದು ಪತ್ರದಲ್ಲಿ ಸ್ಪಷ್ಟವಾಗಿ ಹಾಕಿಸಿದೆವು. ನೀರಿನ ಪಾಳಿಯನ್ನೂ ಬರೆಯಿರಿ ಎಂದಾಗ ಬಾಂಡ್ ರೈಟರ್ ಒಪ್ಪಲಿಲ್ಲ. ಖರೀದಿ ಪತ್ರದಲ್ಲಿ ಇಂಥದ್ದನ್ನೆಲ್ಲ ಯಾರೂ ಬರೆಸುವುದಿಲ್ಲ ಎಂದರು. ಬರೆಯಲೇಬೇಕು ಎಂದು ಪಟ್ಟು ಹಿಡಿದವರು ಕೊಳ್ಳುವವರೇ. ಮಂಗಳವಾರ ಮತ್ತು ಶುಕ್ರವಾರ ಈ ಮನೆಯ ಪಾಳಿ ಎಂದು ಚತುಃಸೀಮೆಯ ಕೆಳಗೆ ಒಂದು ಪರಿಚ್ಛೇದ ಸೇರಿತು. ಪತ್ರಕ್ಕೆ ಸಾಕ್ಷಿ ಹಾಕಿದ ಇಬ್ಬರೂ ಅದೇ ತೊಟ್ಟಿಯ ನೀರು ಕುಡಿಯುವ ನೆರೆಮನೆಯವರು.