ಅಂತರಗಂಗೆಯನ್ನು ಹೂ ಬಿಡುವ ಮೊದಲೇ ತೆಗೆಯಿರಿ

ದಕ್ಷಿಣ ಅಮೆರಿಕದಿಂದ ಬಂದ, ನಸುನೇರಳೆ ಹೂವಿನ ಅಂತರಗಂಗೆಯು ಅನುಕೂಲ ಹವೆಯಲ್ಲಿ ಎರಡೇ ವಾರಗಳಲ್ಲಿ ಇಮ್ಮಡಿಯಾಗಬಲ್ಲದು. ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ, ಹೂ ಬಿಡುವ ಮುನ್ನವೇ, ಬೇರುಸಹಿತ ಎಳೆದು ತೆಗೆಯಿರಿ. ಇದರ ಬೀಜವು ಹೂಳಿನಲ್ಲಿ 15 ವರ್ಷಗಳವರೆಗೂ ಜೀವ ಹಿಡಿದಿರುತ್ತದೆ. ಆದುದರಿಂದ ಒಂದು ಸಲ ತೆಗೆದು ಸುಮ್ಮನಾದರೆ ಸಾಲದು, ಪ್ರತಿ ವರ್ಷವೂ ಮೊಳೆತ ಸಸಿಗಳನ್ನು ಕೀಳಬೇಕು.

ತೆಗೆದ ಗಿಡವನ್ನು ಕೆರೆಯಂಗಳದಲ್ಲೇ ಒಟ್ಟುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ದುಡಿದ ಶ್ರಮವೆಲ್ಲ ಮೊದಲ ಮಳೆಗೆ ಮತ್ತೆ ನೀರು ಸೇರುತ್ತದೆ! ಏರಿಯಾಚೆ ಸಾಗಿಸಿ, ಬಾಡಿಸಿ, ಸಗಣಿಯೊಡನೆ ಗುಂಡಿಗೆ ತುಂಬಿದರೆ ಒಳ್ಳೆಯ ಗೊಬ್ಬರ. ಕಾರ್ಖಾನೆಯ ಕೊಳಚೆ ಸೇರುವ ಕೆರೆಯ ಗಿಡ ಮಾತ್ರ ಗೊಬ್ಬರಕ್ಕೆ ಬೇಡ. ಅದು ವಿಷಲೋಹಗಳನ್ನು ಹೀರಿರುತ್ತದೆ.

ಕಳೆನಾಶಕದ ಆಸೆ ಬಿಡಿ. ಗಿಡವೆಲ್ಲ ಒಮ್ಮೆಲೇ ಕೊಳೆತರೆ ಆಮ್ಲಜನಕ ಕುಂದಿ ಮೀನು ಸಾಯುತ್ತವೆ. 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಿಗೆ ಬಿಟ್ಟ ನಿಯೋಕೆಟಿನಾ ಮೂತಿಹುಳು ಈ ಕಳೆಯನ್ನು ತಿಂದು ಬಲಗುಂದಿಸುತ್ತದೆ. ಆದರೆ ಅದರ ಕೆಲಸಕ್ಕೆ ವರ್ಷಗಳೇ ಹಿಡಿಯುತ್ತವೆ.